ಕಪ್ಪೆಯ ಬಣ್ಣವೂ ಪಿಟ್ಯುಟರಿ ಗ್ರಂಥಿಯೂ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ ಹೊಣಕೆರೆ ಎಂಬ ಹೋಬಳಿ ಗ್ರಾಮವಿದೆ. ಕಾವೇರಿಯ ನಾಲೆಗಳ ನೀರುಂಡು ಹಸುರಾಗಿರುವ ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲುಗಳಿಗೆ ಇದು ಬಹುದೂರವಲ್ಲ. ಆದರೂ ಈ ಕಡೆಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೂ ಕೆರೆಕಟ್ಟೆಗಳನ್ನೂ ನಂಬಿಕೊಂಡಿರುವುವು. ಬೇಸಗೆಯ ಕೊನೆಯಲ್ಲಿ ಕಟ್ಟೆಗಳ ಅಂಗಳ ಒಣಗಿ ಬಿರಿದಿರುವಾಗ ಅಲ್ಲಿ ಒಂದು ಕಪ್ಪೆಯೂ ಕಣ್ಣಿಗೆ ಬೀಳದು. ಮುಂಗಾರಿನ ಮೊದಲ ಜಡಿಮಳೆ ಬಿದ್ದ ರಾತ್ರಿ, ಎಲ್ಲಿಂದಲೋ ಬಂದು ನೆರೆದ ಕಪ್ಪೆಗಳ ಕೂಗಿನಿಂದ ಕಟ್ಟೆಯ ಅಂಚೆಲ್ಲ ತುಂಬಿಹೋಗುವುದು. ಆಗ ದೀಪ ಹಿಡಿದು ನೋಡಿದವರಿಗೆ ಒಂದು ಸೋಜಿಗ ಕಾಣಿಸುವುದು. ಮನೆಯ ಜಗಲಿಯ ಮೂಲೆಯಲ್ಲಿ ನಾವು ದಿನವೂ ನೋಡುವ ನೆಲಗಪ್ಪೆ ಮಣ್ಣಿನ ಬಣ್ಣದ್ದು, ಮೈಯೆಲ್ಲ ಗುಳ್ಳೆ. ಚೆಲುವಿನ ಮಾತು ಬಂದಾಗ ಯಾರೂ ಅದರ ಹೆಸರೆತ್ತುವುದಿಲ್ಲ. ಅದೇ ಜಾತಿಯ ಗಂಡುಗಳು ಈ ರಾತ್ರಿ ನಿಂಬೆಯ ಹಣ್ಣಿನಂತೆ ಹಳದಿಯಾಗಿರುವುವು. ನೀರಿನೊಳಗಿನ ಗಂಡು ಗೂಳಿಗಪ್ಪೆಯೂ ತನ್ನ ಎಂದಿನ ಹಸುರುಗಂದು ಬಣ್ಣವನ್ನು ಬಿಟ್ಟು ಹಳದಿಯಾಗಿ, ಗಂಟಲಿನ ಇಕ್ಕೆಲಗಳಲ್ಲಿ ನೀಲಿಯ ಚೀಲಗಳನ್ನು ಉಬ್ಬಿಸಿ ಕೂಗುತ್ತಿರುವುದು. ಮೊಟ್ಟೆಯಿಡುವ ಗದ್ದಲ ಮುಗಿದ ಮೇಲೆ ನೆಲಗಪ್ಪೆಗಳು ಪುನಃ ಮಣ್ಣಿನ ಬಣ್ಣ ತಾಳಿ ತಮ್ಮ ಮೂಲೆಗಳನ್ನು ಸೇರುವುವು.

ಕಪ್ಪೆಗಳಲ್ಲಿ ಇದಕ್ಕಿಂತ ಮೌನವಾಗಿ ನಡೆಯುವ ಇನ್ನೊಂದು ಬಗೆಯ ಬಣ್ಣದ ಬದಲಾವಣೆಯೂ ಉಂಟು. ಕರಿಯ ಕೆಸರಿನ ಮೇಲೆ ಬಹಳ ಹೊತ್ತು ಕುಳಿತ ಕಪ್ಪೆಯ ಮೈ ಕಪ್ಪೇರಿರುವುದು. ಅದೇ ಕಪ್ಪೆ ಬಿಳಿಯ ಮರಳಿನ ಮೇಲೆ ಕೆಲವು ಗಂಟೆ ಕಳೆದರೆ ಮಾಸಿ ತಿಳಿಯಾಗುವುದು. ತಂಪು, ತೇವ, ಕತ್ತಲೆಯ ನೆಲೆಯಲ್ಲಿ ಕಪ್ಪು, ಬೆಚ್ಚಗೆ ಒಣಗಿದ ಬೆಳಕಿನ ತಾಣದಲ್ಲಿ ತಿಳಿ. ಈ ಎರಡನೆಯ ಬದಲಾವಣೆಯನ್ನು ಬೆನ್ನಟ್ಟಿ ಹೋದ ವಿಜ್ಞಾನಿಗಳು ಮೊದಲು ತಲುಪಿದುದು ಮಿದುಳಿನ ತಳದಲ್ಲಿರುವ ಒಂದು ಪುಟ್ಟ ಗ್ರಂಥಿಯನ್ನು; ಅಲ್ಲಿಂದ ಮುಂದೆ ಮೂತ್ರಪಿಂಡಗಳ ಮೇಲಿರುವ ಅಡ್ರೀನಲ್ ಗ್ರಂಥಿಗಳನ್ನು. ಚರ್ಮದ ಬಣ್ಣಕ್ಕೂ ಅಡ್ರೀನಲ್ ಗ್ರಂಥಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಆ ನಂಟನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊರದ ಮೇಲಿನ ರಾಗಿ

ಮೊದಲು ಚರ್ಮವನ್ನು ನೋಡೋಣ. ಕಪ್ಪೆಯ ಚರ್ಮದಲ್ಲಿ ಬಣ್ಣಕ್ಕೆ ಕಾರಣವಾದ ಕೋಶಗಳು ಮೂರು ವಿಧ. ಮೇಲಿನ ಸಾಲಿನವು ಹಳದಿಯ ವರ್ಣಕೋಶಗಳು. ಅವುಗಳ ಕೆಳಗೆ, ಗ್ವಾನೀನ್ ಎಂಬ ವಸ್ತುವಿನ ತೆಳುವಾದ ಹಲ್ಲೆಗಳಿಂದ ತುಂಬಿ ಬೆಳಕನ್ನು ಹಿಂದಕ್ಕೆ ಚೆಲ್ಲುವ ಕನ್ನಡಿಯಂಥ ಕೋಶಗಳು. ಎಲ್ಲಕ್ಕೂ ಕೆಳಗೆ ಕರಿಯ ವರ್ಣಕೋಶಗಳು. ಇವನ್ನು ಮೆಲನೋಫೋರುಗಳೆಂದು ಕರೆಯುವರು. ಮೆಲನೋಫೋರು ಮರದ ಬೇರಿನಂತೆ ಕವಲೊಡೆದ ತೋಳುಗಳನ್ನು ಮೇಲಕ್ಕೆ ಚಾಚಿ ಕನ್ನಡಿಯ ಕೋಶಗಳನ್ನು ಬಳಸಿಕೊಂಡಿರುವುದು. ಈ ಮೂರೂ ಸೇರಿ ಒಂದು ಘಟಕದಂತೆ ಕೆಲಸ ಮಾಡುವುವೆಂಬುದನ್ನು ಅಮೆರಿಕದ ಜೋಸೆಫ್ ಬಗ್ನಾರ ಮತ್ತು ಅವರ ಸಂಗಡಿಗರು 1968ರಲ್ಲಿ ತೋರಿಸಿಕೊಟ್ಟರು. ಹಸುರು ಕಪ್ಪೆಯ ಚರ್ಮದಲ್ಲಿ ಸಾಮಾನ್ಯವಾಗಿ ಹಸುರು ಬಣ್ಣದ ವಸ್ತುವೇ ಇರುವುದಿಲ್ಲವೆಂದರೆ ಆಶ್ಚರ್ಯವಾಗಬಹುದು. ಕನ್ನಡಿಯ ಕೋಶಗಳು ಚೆಲ್ಲಿದ ನೀಲಿಯ ಬೆಳಕು ಹಳದಿಯ ಪದರವನ್ನು ಹಾಯ್ದು ಬರುವಾಗ ನಮ್ಮ ಕಣ್ಣಿಗೆ ಹಸುರಾಗಿ ತೋರುವುದು, ಅಷ್ಟೆ.

ಬಣ್ಣ ಬದಲಾಗುವಾಗ ಕೋಶ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದರ ಒಳಗಿನ ಮೆಲನಿನ್ ಕಣಗಳು ಮಾತ್ರ ಓಡಾಡುವುವು. ನಮ್ಮ ಹಳ್ಳಿಯ ಮನೆಗಳಲ್ಲಿ ಮೊರದ ಮೇಲೆ ರಾಗಿಯನ್ನು ನಡುವೆ ಗುಡ್ಡೆ ಮಾಡಿದಾಗ ಮೊರದ ಬಿಳಿಯ ಬಿದಿರು ಸುತ್ತಲೂ ಕಾಣುವುದು. ಅದೇ ಒಂದು ಬೊಗಸೆ ರಾಗಿಯನ್ನು ಅಂಗೈಯಿಂದ ಹರಡಿದರೆ ಮೊರವೆಲ್ಲ ಕೆಂಗಪ್ಪಾಗುವುದು. ರಾಗಿ ಹೆಚ್ಚಲಿಲ್ಲ, ಮೊರ ದೊಡ್ಡದಾಗಲಿಲ್ಲ. ಮೆಲನಿನ್ ಕಣಗಳು ಕೋಶದ ನಡುವೆ ಗುಂಪುಗೂಡಿದಾಗ ಕಪ್ಪೆ ತಿಳಿಯಾಗುವುದೂ, ತೋಳುಗಳ ತುದಿಯವರೆಗೆ ಹರಡಿದಾಗ ಕಪ್ಪಾಗುವುದೂ ಹೀಗೆಯೇ. ಹಾಗಾದರೆ ರಾಗಿಯನ್ನು ಹರಡುವ ಕೈ ಯಾವುದು?

ಬೆಳ್ಳಿಯ ಗೊದಮೊಟ್ಟೆ

1916ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಕ್ಯಾಲಿಫೋರ್ನಿಯದ ಫಿಲಿಪ್ ಸ್ಮಿತ್ ಮತ್ತು ಕ್ಯಾನ್ಸಸಿನ ಬೆನೆಟ್ ಅಲೆನ್, ಒಬ್ಬರನ್ನೊಬ್ಬರು ಅವಲಂಬಿಸದೆ ಒಂದೇ ಪ್ರಯೋಗವನ್ನು ಮಾಡಿ ಒಂದೇ ಫಲಿತಾಂಶವನ್ನು ಪ್ರಕಟಿಸಿದರು. ಕಪ್ಪೆಯ ಭ್ರೂಣದಲ್ಲಿ ಬಾಲದ ಮೊಳಕೆ ಆಗತಾನೆ ಮೂಡುತ್ತಿರುವಾಗ ಪಿಟ್ಯುಟರಿ ಗ್ರಂಥಿಯಾಗಬೇಕಾದ ಭಾಗವು ಬಾಯಿಯ ಕಡೆಯ ಹೊರಚರ್ಮದಿಂದ ಹೊರಟು ಮಿದುಳಿನ ತಳದ ಕಡೆಗೆ ಸರಿಯುತ್ತಿರುವುದು. ಭ್ರೂಣದ ಉದ್ದ ಆಗ ಕೆಲವೇ ಮಿಲಿಮೀಟರು. ಸೂಕ್ಷ್ಮದರ್ಶಕದ ಕೆಳಗೆ, ಸೂಜಿಯಂಥ ಉಪಕರಣದಿಂದ, ಆ ಮೊಳಕೆಯನ್ನು ತೆಗೆದುಹಾಕಿದರು. ಬದುಕಿ ಉಳಿದ ಮರಿಗಳು ಈಜಿದುವು, ತಿಂದುವು, ನಿಧಾನವಾಗಿ ಬೆಳೆದುವು. ಆದರೆ ಅವು ಇತರ ಗೊದಮೊಟ್ಟೆಗಳಂತೆ ಕಪ್ಪಾಗಿರಲಿಲ್ಲ, ಬೆಳ್ಳಿಯಂತೆ ಹೊಳೆಯುತ್ತಿದ್ದುವು. ಕರಿಯ ಕಣಗಳು ಗುಂಪುಗೂಡಿ, ಕನ್ನಡಿಯ ಕೋಶಗಳಿಗೆ ಮರೆಯಿಲ್ಲದಂತಾಗಿತ್ತು. ಮೆಲನಿನ್ನಿನ ಮೊತ್ತವೂ ಕ್ರಮೇಣ ಕಡಿಮೆಯಾಯಿತು.

ಈ ಬೆಳ್ಳಿಯ ಮರಿಗಳ ಒಳಗನ್ನು ಸ್ಮಿತ್ ಪರೀಕ್ಷಿಸಿದಾಗ ಇನ್ನೂ ಹೆಚ್ಚಿನ ವಿಷಯ ಹೊರಬಿತ್ತು. ಅವುಗಳ ಥೈರಾಯಿಡ್ ಗ್ರಂಥಿ ಚಿಕ್ಕದಾಗಿ ಉಳಿದಿದ್ದಿತು. ಆದುದರಿಂದಲೇ ಅವು ಕಪ್ಪೆಗಳಾಗಿ ರೂಪಾಂತರ ಹೊಂದಲಿಲ್ಲ. ಅಡ್ರೀನಲ್ ಗ್ರಂಥಿಯ ತೊಗಟೆಯ ಅಂಗಾಂಶವೂ ಕ್ಷೀಣವಾಗಿದ್ದಿತು. ಮೂರು ಬೇರೆ ಬೇರೆ ಅಂಗಗಳಲ್ಲಿ ಮೂರು ಬೇರೆ ಕೊರತೆಗಳು, ಕಾರಣ ಮಾತ್ರ ಒಂದೇ. ಪಿಟ್ಯುಟರಿಯು ಉಳಿದ ನಿರ್ನಾಳ ಗ್ರಂಥಿಗಳನ್ನು ಆಳುವ ಗ್ರಂಥಿಯೆಂಬ ಮಾತನ್ನು ಇಂದು ಪ್ರತಿಯೊಂದು ಪಠ್ಯಪುಸ್ತಕದಲ್ಲಿಯೂ ಓದುತ್ತೇವೆ. ಆ ಮಾತಿಗೆ ಗಟ್ಟಿಯಾದ ಆಧಾರವನ್ನು ಮೊದಲು ಒದಗಿಸಿದವುಗಳಲ್ಲಿ ಈ ಗೊದಮೊಟ್ಟೆಗಳೂ ಸೇರಿವೆ. ಸ್ಮಿತ್ ಮುಂದೆ 1930ರ ಹೊತ್ತಿಗೆ ಇಲಿಗಳಲ್ಲಿಯೂ ಇದೇ ಶಸ್ತ್ರಕ್ರಿಯೆಯನ್ನು ನಡೆಸಿ, ಅಲ್ಲಿಯೂ ಅಡ್ರೀನಲಿನ ತೊಗಟೆ ಸೊರಗುವುದನ್ನು ತೋರಿಸಿದರು.

ಬೆಳೆದ ಕಪ್ಪೆಯ ವಿಷಯವನ್ನು ಇಂಗ್ಲೆಂಡಿನ ಲ್ಯಾನ್ಸ್‌ಲಾಟ್ ಹಾಗ್ಬೆನ್ ಎತ್ತಿಕೊಂಡರು. 1922ರಿಂದ ಪ್ರಕಟವಾದ ಅವರ ಮತ್ತು ವಿಂಟನ್ನರ ಪ್ರಯೋಗಗಳಲ್ಲಿ, ಪಿಟ್ಯುಟರಿಯನ್ನು ತೆಗೆದ ಕಪ್ಪೆಯು ತಂಪಾದ ಕತ್ತಲೆಯ ತೇವದಲ್ಲಿ ಇಟ್ಟರೂ ಕಪ್ಪಾಗಲಿಲ್ಲ. ಅದಕ್ಕೆ ಪಿಟ್ಯುಟರಿಯ ಸಾರವನ್ನು ಚುಚ್ಚಿದೊಡನೆ ಕಪ್ಪೇರತೊಡಗಿತು. ಅಲ್ಲಿಗೆ ಚರ್ಮಕ್ಕೆ ಆಜ್ಞೆ ಬರುವುದು ನರಗಳಿಂದಲ್ಲ, ರಕ್ತದ ಮೂಲಕ ಎಂಬುದು ಕಪ್ಪೆಯ ಮಟ್ಟಿಗೆ ನಿಶ್ಚಯವಾಯಿತು. ಇದೇ ಹಾಗ್ಬೆನ್ ಮುಂದೆ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಪಂಜಗಪ್ಪೆಯನ್ನು ಕುರಿತು ಕೆಲಸ ಮಾಡುತ್ತಿದ್ದಾಗ, ಪಿಟ್ಯುಟರಿಯ ಸಾರ ಚುಚ್ಚಿದ ಹೆಣ್ಣು ಮೊಟ್ಟೆಯಿಡುವುದನ್ನು ಕಂಡು 1930ರಲ್ಲಿ ವರದಿ ಮಾಡಿದರು. ಅದರಿಂದ ಹೆಂಗಸರ ಗರ್ಭಪರೀಕ್ಷೆಗೆ ಕಪ್ಪೆಯನ್ನು ಬಳಸುವ ಪದ್ಧತಿ ಹುಟ್ಟಿ ಅನೇಕ ವರ್ಷ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದಿತು. ಬಣ್ಣವನ್ನು ಹುಡುಕಲು ಹೊರಟವರ ದಾರಿ ಎಲ್ಲೆಲ್ಲಿಗೋ ಹೋಗಿ ಮುಟ್ಟಿತು.

ನಮ್ಮ ನಾಡಿಗೂ ಈ ವಿದ್ಯೆ ದೂರದ್ದಾಗಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೆಳೆಸಿದ ಸಿ. ಆರ್. ನಾರಾಯಣರಾಯರು ದಕ್ಷಿಣ ಭಾರತದ ಕಪ್ಪೆಗಳ ತಜ್ಞರು. 1937ರಲ್ಲಿ ಹಲವು ಹೊಸ ಜಾತಿಗಳನ್ನು ವರ್ಣಿಸಿದವರು. 1932ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಅದೇ ಕಾಲೇಜಿನ ಎಲ್. ಎಸ್. ರಾಮಸ್ವಾಮಿಯವರು 1950ರ ದಶಕದಲ್ಲಿ ತಮ್ಮ ಶಿಷ್ಯರೊಡನೆ ಪಿಟ್ಯುಟರಿಯ ಹಾರ್ಮೋನುಗಳನ್ನು ಕಪ್ಪೆಗಳಿಗೂ ಮೀನುಗಳಿಗೂ ಚುಚ್ಚಿ ಮೊಟ್ಟೆಯಿಡಿಸುವ ಪ್ರಯೋಗಗಳನ್ನು ನಡೆಸಿದರು. ಸುಂದರರಾಜರೊಡನೆ ಚೇಳುಮೀನಿನ ಮೇಲೆ ನಡೆಸಿದ ಕೆಲಸ 1956ರಲ್ಲಿ ಪ್ರಕಟವಾಯಿತು. ಮರುವರ್ಷ ಒರಿಸ್ಸದ ಕಟಕ್‌ನಲ್ಲಿ ಗೆಂಡೆಮೀನುಗಳಲ್ಲಿ ಇದೇ ಉಪಾಯ ಫಲಿಸಿ, ದೇಶದ ಮೀನು ಸಾಕಣೆಯ ರೀತಿಯನ್ನೇ ಬದಲಾಯಿಸಿತು. ಇಂದು ನಾಗಮಂಗಲದ ಕೆರೆಗಳಿಗೆ ಬಿಡುವ ಮೀನುಮರಿಗಳೂ ಆ ಉಪಾಯದ ವಂಶದವೇ ಎನ್ನಬಹುದು.

ಒಂದು ಗ್ರಂಥಿ, ಎರಡು ಹಾಲೆ

ಪಿಟ್ಯುಟರಿಯಲ್ಲಿ ಹಲವು ಭಾಗಗಳುಂಟು. ನಮ್ಮ ವಿಷಯಕ್ಕೆ ಬೇಕಾದುವು ಎರಡು, ಮುಂಭಾಗದ ಹಾಲೆ ಮತ್ತು ನಡುವಣ ಹಾಲೆ. ಮನುಷ್ಯನಲ್ಲಿ ನಡುವಣ ಹಾಲೆ ಇದ್ದೂ ಇಲ್ಲದಂತಿದೆ; ಕಪ್ಪೆಯಲ್ಲಿ ಅದು ಚೆನ್ನಾಗಿ ಬೆಳೆದಿರುವುದು. 1920ರ ದಶಕದಲ್ಲಿ ಅಲೆನ್ ಮುಂತಾದವರು ಈ ಹಾಲೆಗಳನ್ನು ಬಿಡಿಸಿ, ಒಂದೊಂದನ್ನೂ ಬೇರೆ ಬೇರೆಯಾಗಿ ಗೊದಮೊಟ್ಟೆಗಳಿಗೆ ಕಸಿ ಮಾಡಿ ನೋಡಿದರು. ನಡುವಣ ಹಾಲೆಯನ್ನು ಪಡೆದ ಮರಿಗಳು ಕಾಡಿಗೆಯಂತೆ ಕಪ್ಪಾದುವು. ಮುಂಭಾಗದ ಹಾಲೆಯನ್ನು ಪಡೆದವು ಬೆಳೆದು ರೂಪಾಂತರ ಹೊಂದಿದುವು.

ನಡುವಣ ಹಾಲೆಯ ಹಾರ್ಮೋನಿಗೆ ಮೆಲನೋಫೋರು ಚೋದಕ ಹಾರ್ಮೋನು, ಸಂಕ್ಷೇಪವಾಗಿ ಎಂ.ಎಸ್.ಎಚ್., ಎಂದು ಹೆಸರು. ಮುಂಭಾಗದ ಹಾಲೆಯಿಂದ ಹೊರಟು ಅಡ್ರೀನಲಿನ ತೊಗಟೆಯನ್ನು ಪೋಷಿಸುವುದು ಎ.ಸಿ.ಟಿ.ಎಚ್. ಕರಿಯ ಹಿನ್ನೆಲೆಯಲ್ಲಿ ಕುಳಿತ ಕಪ್ಪೆಯ ಕಣ್ಣಿಗೆ ಮೇಲಿನಿಂದ ಬೆಳಕು ಬೀಳುವುದು, ಕೆಳಗಿನಿಂದ ಬರುವುದಿಲ್ಲ. ಬಿಳಿಯ ಹಿನ್ನೆಲೆಯಲ್ಲಿ ಎರಡೂ ಕಡೆಯಿಂದ ಬರುವುದು. ಈ ಭೇದವನ್ನು ಕಣ್ಣು ಮಿದುಳಿಗೆ ತಿಳಿಸುವುದು, ಮಿದುಳು ನಡುವಣ ಹಾಲೆಗೆ ತಿಳಿಸುವುದು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮಿದುಳಿನಿಂದ ನಡುವಣ ಹಾಲೆಗೆ ಹೋಗುವ ಮುಖ್ಯವಾದ ಸೂಚನೆ ‘ಸ್ರವಿಸು’ ಎಂಬುದಲ್ಲ, ‘ತಡೆ’ ಎಂಬುದು. ಡೋಪಮೀನ್ ಮುಂತಾದ ವಸ್ತುಗಳ ಮೂಲಕ ಮಿದುಳು ಈ ಹಾಲೆಯನ್ನು ಹಿಡಿದಿಟ್ಟಿರುವುದು. ಪಿಟ್ಯುಟರಿಯನ್ನು ಮಿದುಳಿನ ಸಂಪರ್ಕದಿಂದ ಬಿಡಿಸಿ ಮೈಯ ಬೇರೆಡೆಯಲ್ಲಿ ನೆಟ್ಟರೆ, ಕಡಿವಾಣವಿಲ್ಲದ ಆ ಹಾಲೆಯು ಎಡೆಬಿಡದೆ ಎಂ.ಎಸ್.ಎಚ್. ಸ್ರವಿಸಿ, ಕಪ್ಪೆ ಬಿಳಿಯ ತೊಟ್ಟಿಯಲ್ಲಿದ್ದರೂ ಕಪ್ಪಾಗಿಯೇ ಇರುವುದು.

ಅಡ್ರೀನಲ್ ಗ್ರಂಥಿಯ ಸ್ಥಾನವನ್ನೂ ಹೇಳಬೇಕು. ಮನುಷ್ಯನಲ್ಲಿ ಅದು ಮೂತ್ರಪಿಂಡದ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವುದು; ಹೊರಗೆ ತೊಗಟೆ, ಒಳಗೆ ತಿರುಳು ಎಂಬ ಸ್ಪಷ್ಟವಾದ ವಿಭಾಗವುಂಟು. ಕಪ್ಪೆಯಲ್ಲಿ ಅದು ಮೂತ್ರಪಿಂಡದ ಹೊಟ್ಟೆಯ ಕಡೆಯ ಮುಖದ ಮೇಲೆ ಹೊಂಬಣ್ಣದ ಒಂದು ಪಟ್ಟಿ ಮಾತ್ರ. ತೊಗಟೆಯ ಕೋಶಗಳೂ ತಿರುಳಿನ ಕೋಶಗಳೂ ಅಲ್ಲಿ ಒಂದರೊಳಗೊಂದು ಬೆರೆತಿರುವುವು. ಹಿಂದಿನ ತಲೆಮಾರಿನ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಕಪ್ಪೆಯನ್ನು ಕೊಯ್ದಾಗ ಈ ಹೊಂಬಣ್ಣದ ಪಟ್ಟಿಯನ್ನು ಕಂಡು ಚಿತ್ರ ಬರೆದಿದ್ದಾರೆ. 2011ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಛೇದನವನ್ನು ಹಂತಹಂತವಾಗಿ ಕಡಿಮೆ ಮಾಡಲು ಮಾರ್ಗಸೂಚಿಗಳನ್ನು ಹೊರಡಿಸಿದ ಮೇಲೆ ಆ ಅಭ್ಯಾಸ ಹಿಂದೆ ಸರಿಯಿತು. ಅದರಿಂದ ಶಾಸ್ತ್ರಕ್ಕೆ ದೊಡ್ಡ ನಷ್ಟವಾಯಿತೆಂದು ನಮಗೆ ತೋರುವುದಿಲ್ಲ. ಸಾವಿರ ಮಂದಿ ಸಾವಿರ ಕಪ್ಪೆಗಳಲ್ಲಿ ಒಂದೇ ಪಟ್ಟಿಯನ್ನು ನೋಡಿ ಕಲಿಯುವುದನ್ನು ಒಂದು ಒಳ್ಳೆಯ ಚಿತ್ರದಿಂದಲೂ ಕಲಿಯಬಹುದು.

ತೊಗಟೆಯ ಕೋಶಗಳು ಕಪ್ಪೆಯಲ್ಲಿ ಮುಖ್ಯವಾಗಿ ಕಾರ್ಟಿಕೊಸ್ಟೀರೋನ್ ಮತ್ತು ಆಲ್ಡೊಸ್ಟೀರೋನ್ ಎಂಬ ಎರಡು ಸ್ಟೀರಾಯಿಡುಗಳನ್ನು ತಯಾರಿಸುವುವು. ಲವಣ, ನೀರು, ಸಕ್ಕರೆಗಳ ವ್ಯವಹಾರವನ್ನೂ, ಕಷ್ಟಕಾಲದಲ್ಲಿ ದೇಹ ತಡೆದುಕೊಳ್ಳುವ ಶಕ್ತಿಯನ್ನೂ ಇವು ನೋಡಿಕೊಳ್ಳುವುವು. ತಿರುಳಿನ ಕೋಶಗಳಿಂದ ಬರುವುದು ಅಡ್ರೀನಲಿನ್ ಮತ್ತು ನಾರಡ್ರೀನಲಿನ್.

ಒಂದೇ ಬಟ್ಟೆಯಿಂದ ಎರಡು ಉಡುಪು

1950ರ ದಶಕದ ಆರಂಭದಲ್ಲಿ ಒಂದು ತೊಡಕು ಎದುರಾಯಿತು. ಪ್ರಾಣಿಗಳ ಪಿಟ್ಯುಟರಿಯಿಂದ ಬೇರ್ಪಡಿಸಿದ ಎ.ಸಿ.ಟಿ.ಎಚ್. ಅನ್ನು ಚುಚ್ಚಿದರೆ ಅಡ್ರೀನಲ್ ಚುರುಕಾಗುವುದು ಸಹಜ. ಆದರೆ ಕಪ್ಪೆಯ ಚರ್ಮವೂ ಕಪ್ಪಾಗುತ್ತಿದ್ದಿತು. ಹಾಗಾದರೆ ಎರಡು ಹಾರ್ಮೋನುಗಳೆಂಬುದೇ ತಪ್ಪೆ? ಒಂದೇ ವಸ್ತು ಎರಡೂ ಕೆಲಸ ಮಾಡುತ್ತಿದೆಯೆ? ಇಲ್ಲವೆ ಎ.ಸಿ.ಟಿ.ಎಚ್. ಶುದ್ಧವಾಗಿಲ್ಲದೆ ಅದರಲ್ಲಿ ಎಂ.ಎಸ್.ಎಚ್. ಬೆರೆತಿದೆಯೆ? ಇದನ್ನು ಬಗೆಹರಿಸಲು ನಂಬತಕ್ಕ ಅಳತೆ ಬೇಕಾಗಿದ್ದಿತು. ಚರ್ಮವೈದ್ಯ ಆರನ್ ಲರ್ನರ್ ಮತ್ತು ಅವರ ಸಂಗಡಿಗರು 1954ರಲ್ಲಿ ಕಪ್ಪೆಯ ಚರ್ಮದ ತುಂಡನ್ನೇ ಅಳತೆಗೋಲಾಗಿ ಮಾಡಿದರು. ಚರ್ಮವನ್ನು ಚೌಕಟ್ಟಿಗೆ ಬಿಗಿದು, ದ್ರವದಲ್ಲಿಟ್ಟು, ಪರೀಕ್ಷಿಸಬೇಕಾದ ಸಾರವನ್ನು ಸೇರಿಸಿ, ಅದು ಬೆಳಕನ್ನು ಎಷ್ಟು ಹಿಂದಕ್ಕೆ ಕಳಿಸುವುದೆಂದು ಉಪಕರಣದಿಂದ ಅಳೆದರು. ಕಪ್ಪಾದಷ್ಟೂ ಬೆಳಕು ಕಡಿಮೆ. (ಇದೇ ಅಳತೆಗೋಲನ್ನು ತಲೆಕೆಳಗಾಗಿ ಬಳಸಿ, ಕಪ್ಪೆಯ ಚರ್ಮವನ್ನು ತಿಳಿಯಾಗಿಸುವ ವಸ್ತುವನ್ನು ಸಾವಿರಾರು ದನಗಳ ಪೀನಿಯಲ್ ಗ್ರಂಥಿಗಳಿಂದ ಹುಡುಕಿ, 1958ರಲ್ಲಿ ಲರ್ನರ್ ಮೆಲಟೋನಿನ್ ಎಂಬ ಹಾರ್ಮೋನನ್ನು ಪ್ರಕಟಿಸಿದರು. ಇಂದು ನಿದ್ರೆಯ ವಿಷಯ ಬಂದಾಗಲೆಲ್ಲ ಕೇಳುವ ಆ ಹೆಸರಿನ ಮೊದಲಲ್ಲಿಯೂ ಕಪ್ಪೆಯ ಬಣ್ಣವೇ ಅಡಗಿದೆ.)

ಆ ದಶಕ ಮುಗಿಯುವುದರೊಳಗೆ ಎರಡೂ ಹಾರ್ಮೋನುಗಳು ಶುದ್ಧರೂಪದಲ್ಲಿ ದೊರೆತು, ಅವುಗಳ ಅಮೈನೋ ಆಮ್ಲಗಳ ಸರಪಣಿ ಬಿಡಿಸಲ್ಪಟ್ಟಿತು. ಎ.ಸಿ.ಟಿ.ಎಚ್. 39 ಕೊಂಡಿಗಳ ಸರಪಣಿ, ಆಲ್ಫಾ ಎಂ.ಎಸ್.ಎಚ್. 13 ಕೊಂಡಿಗಳದು. ಈ 13 ಕೊಂಡಿಗಳು ಎ.ಸಿ.ಟಿ.ಎಚ್.ನ ಮೊದಲ 13 ಕೊಂಡಿಗಳೇ ಆಗಿವೆ, ಕ್ರಮವೂ ಅದೇ. ಎರಡು ತುದಿಗಳಲ್ಲಿ ಮಾತ್ರ ಸಣ್ಣ ರಾಸಾಯನಿಕ ಮಾರ್ಪಾಡುಗಳಿವೆ. ಎ.ಸಿ.ಟಿ.ಎಚ್. ಚರ್ಮವನ್ನು ಕಪ್ಪಾಗಿಸುವುದು ಬೆರಕೆಯಿಂದ ಮಾತ್ರವೇ ಅಲ್ಲ, ತನ್ನೊಳಗೇ ಆ ತುಂಡನ್ನು ಹೊತ್ತಿರುವುದರಿಂದ. ಆದರೂ ಆ ಕೆಲಸದಲ್ಲಿ ಅದು ಎಂ.ಎಸ್.ಎಚ್.ಗಿಂತ ಬಹಳ ದುರ್ಬಲ.

ಈ ಹೋಲಿಕೆಯ ಗುಟ್ಟು ಪೂರ್ತಿಯಾಗಿ ಹೊರಬಿದ್ದುದು 1979ರಲ್ಲಿ. ಜಪಾನಿನ ನಕಾನಿಶಿ, ನುಮಾ ಮತ್ತು ಸಂಗಡಿಗರು ದನದ ಪಿಟ್ಯುಟರಿಯಲ್ಲಿ ಈ ಎರಡೂ ಹಾರ್ಮೋನುಗಳಿಗೆ ತಾಯಿಯಾದ ಒಂದೇ ದೊಡ್ಡ ಪ್ರೋಟೀನಿನ ರಚನೆಯನ್ನು ಬಿಡಿಸಿಟ್ಟರು. ಅದರಲ್ಲಿ ಸುಮಾರು 240 ಅಮೈನೋ ಆಮ್ಲಗಳಿವೆ. ಅದರ ಹೆಸರು ಪ್ರೊಓಪಿಯೋಮೆಲನೋಕಾರ್ಟಿನ್. ನಾಲಗೆಗೆ ಕಷ್ಟವಾದರೂ ಅರ್ಥಕ್ಕೆ ಸುಲಭ: ನೋವು ತಗ್ಗಿಸುವ ಅಫೀಮಿನಂಥ ವಸ್ತು, ಮೆಲನಿನ್ನನ್ನು ಆಡಿಸುವ ವಸ್ತು, ತೊಗಟೆಯನ್ನು ಚೋದಿಸುವ ವಸ್ತು, ಮೂರಕ್ಕೂ ಪೂರ್ವಜ ಎಂದು. ಎರಡು ಹಾಲೆಗಳಲ್ಲಿಯೂ ಇದೇ ಪ್ರೋಟೀನು ತಯಾರಾಗುವುದು. ಅದನ್ನು ಕತ್ತರಿಸುವ ಕಿಣ್ವಗಳು ಮಾತ್ರ ಬೇರೆ. ಮುಂಭಾಗದ ಹಾಲೆಯಲ್ಲಿ ಒಂದು ಕತ್ತರಿ ಇದನ್ನು ಕಡಿದಾಗ ಎ.ಸಿ.ಟಿ.ಎಚ್. ಹೊರಬಂದು ಅಲ್ಲಿಗೇ ನಿಲ್ಲುವುದು. ನಡುವಣ ಹಾಲೆಯಲ್ಲಿ ಎರಡನೆಯ ಕತ್ತರಿಯೂ ಇರುವುದರಿಂದ ಆ ಎ.ಸಿ.ಟಿ.ಎಚ್. ಮತ್ತೆ ಕಡಿಯಲ್ಪಟ್ಟು ಎಂ.ಎಸ್.ಎಚ್. ಆಗುವುದು. ಒಂದೇ ಬಟ್ಟೆಯಿಂದ ಒಬ್ಬ ದರ್ಜಿ ಅಂಗಿಯನ್ನೂ ಇನ್ನೊಬ್ಬ ಟೊಪ್ಪಿಗೆಯನ್ನೂ ಹೊಲಿದಂತೆ. ಬೆಳ್ಳಿಯ ಗೊದಮೊಟ್ಟೆಯಲ್ಲಿ ಬಣ್ಣವೂ ಅಡ್ರೀನಲೂ ಒಟ್ಟಿಗೆ ಕೆಟ್ಟುದೇಕೆಂಬುದು ಈಗ ಸ್ಪಷ್ಟವಾಗುವುದು. ಅಲ್ಲಿ ದರ್ಜಿಗಳಿರಲಿ, ಬಟ್ಟೆಯೇ ಇರಲಿಲ್ಲ.

ರೋಗಿಯ ಅಂಗೈಯಲ್ಲಿ ಗೊದಮೊಟ್ಟೆಯ ಪಾಠ

ಕಪ್ಪೆಯ ಈ ಕಥೆಯಿಂದ ಮನುಷ್ಯನಿಗೇನು ಎಂದು ಕೇಳುವವರು ಇದ್ದೇ ಇರುವರು. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ ಒಂದು ವಿಚಿತ್ರವಾದ ರೋಗವನ್ನು ವರ್ಣಿಸಿದನು. ರೋಗಿ ದಿನೇ ದಿನೇ ನಿತ್ರಾಣನಾಗುವನು, ಹಸಿವು ಅಡಗುವುದು, ನಾಡಿ ಕ್ಷೀಣಿಸುವುದು, ಜೊತೆಗೆ ಚರ್ಮವು ಕಂಚಿನಂತೆ ಕಪ್ಪಿಡುವುದು. ಸತ್ತ ಮೇಲೆ ಕೊಯ್ದು ನೋಡಿದರೆ ಅಡ್ರೀನಲ್ ಗ್ರಂಥಿಗಳು ಹಾಳಾಗಿರುತ್ತಿದ್ದುವು. ಅನೇಕರಲ್ಲಿ ಕ್ಷಯವೇ ಕಾರಣ. ನಮ್ಮ ದೇಶದಲ್ಲಿ ಈ ರೋಗಕ್ಕೆ ಕ್ಷಯವು ಇಂದಿಗೂ ಒಂದು ಮುಖ್ಯ ಕಾರಣವಾಗಿ ಉಳಿದಿದೆ. ಮೂತ್ರಪಿಂಡದ ಮೇಲಿನ ಗ್ರಂಥಿ ಕೆಟ್ಟರೆ ಮುಖ ಕಪ್ಪಾಗುವುದೇಕೆ ಎಂಬುದು ಅಡಿಸನ್ನನ ಕಾಲದಲ್ಲಿ ಯಾರಿಗೂ ತಿಳಿಯದು.

ಉತ್ತರ ಹೀಗಿದೆ. ಆರೋಗ್ಯವಂತನಲ್ಲಿ ಅಡ್ರೀನಲಿನ ಕಾರ್ಟಿಸಾಲ್ ರಕ್ತದ ಮೂಲಕ ಪಿಟ್ಯುಟರಿಯನ್ನು ಮುಟ್ಟಿ ‘ಸಾಕು’ ಎಂದು ಹೇಳುತ್ತಿರುವುದು. ಅಡ್ರೀನಲ್ ನಾಶವಾದಾಗ ಆ ‘ಸಾಕು’ ನಿಂತುಹೋಗಿ, ಪಿಟ್ಯುಟರಿಯು ತಾಯಿಪ್ರೋಟೀನನ್ನು ಮಿತಿಮೀರಿ ತಯಾರಿಸುವುದು, ಎ.ಸಿ.ಟಿ.ಎಚ್. ರಕ್ತದಲ್ಲಿ ಉಕ್ಕಿ, ತನ್ನೊಳಗಿನ 13 ಕೊಂಡಿಗಳ ಬಲದಿಂದ ಚರ್ಮದ ಕೋಶಗಳನ್ನು ಚೋದಿಸುವುದು. ಮನುಷ್ಯನಲ್ಲಿ ಕಣಗಳ ಓಡಾಟಕ್ಕಿಂತ ಹೊಸ ಮೆಲನಿನ್ನಿನ ತಯಾರಿಕೆಯೇ ಮುಖ್ಯವಾದುದರಿಂದ ಕಪ್ಪು ಮೆಲ್ಲಗೆ ಏರುವುದು, ಮೆಲ್ಲಗೆ ಇಳಿಯುವುದು. ಎಂ.ಎಸ್.ಎಚ್. ಅನ್ನು ಚುಚ್ಚಿದರೆ ಮನುಷ್ಯನ ಚರ್ಮವೂ ಕಪ್ಪೇರುವುದೆಂಬುದನ್ನು ಲರ್ನರ್ ಮತ್ತು ಮ್ಯಾಕ್‌ಗಯರ್ 1961ರಲ್ಲಿ ತೋರಿಸಿದರು.

ಇನ್ನೊಬ್ಬ ರೋಗಿಯನ್ನು ಊಹಿಸೋಣ. ಇವನಿಗೂ ಅದೇ ನಿತ್ರಾಣ, ಅಡ್ರೀನಲಿನ ಅದೇ ಕೊರತೆ. ಆದರೆ ಚರ್ಮ ಕಪ್ಪಾಗಿಲ್ಲ, ಬದಲಿಗೆ ಬಿಳಿಚಿಕೊಂಡಿದೆ. ಇವನ ಅಡ್ರೀನಲಿನಲ್ಲಿ ದೋಷವಿಲ್ಲ. ದೋಷ ಮೇಲೆ, ಪಿಟ್ಯುಟರಿಯಲ್ಲಿದೆ. ಇವನು ಸ್ಮಿತ್ತರ ಬೆಳ್ಳಿಯ ಗೊದಮೊಟ್ಟೆಯ ನೆಂಟ. ಆದುದರಿಂದಲೇ ಅನುಭವಿಯಾದ ವೈದ್ಯನು ಇಂಥ ರೋಗಿಯ ಅಂಗೈಯ ಗೆರೆಗಳನ್ನೂ ವಸಡುಗಳನ್ನೂ ದೀಪದ ಬೆಳಕಿನಲ್ಲಿ ನೋಡುವನು. ನಮ್ಮ ಜನರ ಮೈಬಣ್ಣ ಹುಟ್ಟಿನಿಂದಲೇ ಕಂದಾಗಿರುವುದರಿಂದ ಮುಖವನ್ನು ನೋಡಿ ತಿಳಿಯುವುದು ಕಷ್ಟ. ಅಂಗೈಯ ಗೆರೆ ಕಪ್ಪಾಗಿದ್ದರೆ ಸಂದೇಹ ಬಲವಾಗುವುದು. ನಿಶ್ಚಯಿಸುವುದು ರಕ್ತಪರೀಕ್ಷೆಯೇ, ಆದರೆ ಯಾವ ಪರೀಕ್ಷೆ ಬೇಕೆಂಬುದು ಮೊದಲು ಕಣ್ಣಿಗೆ ಹೊಳೆಯಬೇಕು. ಹೊತ್ತಿಗೆ ಸರಿಯಾಗಿ ಗುರುತಿಸಿ ಕಾರ್ಟಿಸಾಲಿನ ಮಾತ್ರೆ ಕೊಟ್ಟರೆ ಇಬ್ಬರೂ ಬದುಕುವರು. ಗುರುತಿಸದಿದ್ದರೆ ಒಂದು ಸಾಧಾರಣ ಜ್ವರವೋ ವಾಂತಿಭೇದಿಯೋ ಇವರ ಪ್ರಾಣಕ್ಕೆ ಎರವಾಗಬಹುದು.

ಹಳದಿಯ ನೆಲಗಪ್ಪೆ

ಇನ್ನು ಮಳೆಯ ರಾತ್ರಿಯ ಹಳದಿಯ ಮಾತು. ಅದು ಪಿಟ್ಯುಟರಿಯ ನಿಧಾನದ ಕೆಲಸವಾಗಿ ತೋರದು. ನಮ್ಮ ಹಳ್ಳಿಗಳಲ್ಲಿ ಕಾಣುವ ಈ ಜಾತಿಯ ನೆಲಗಪ್ಪೆಯ ಮೇಲೆಯೇ ನಡೆಸಿದ ಪ್ರಯೋಗವೊಂದನ್ನು ವಿಯೆನ್ನಾದ ಸೂಸನ್ ಸ್ಟೂಕ್ಲರ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದರು. ಕಂದುಬಣ್ಣದ ಗಂಡುಗಳಿಗೆ ಅಡ್ರೀನಲಿನ್, ನಾರಡ್ರೀನಲಿನ್‌ಗಳನ್ನು ಚುಚ್ಚಿದಾಗ ಅವು ಕೆಲವೇ ನಿಮಿಷಗಳಲ್ಲಿ ಹಳದಿಯಾದುವು; ಬರಿಯ ಉಪ್ಪುನೀರನ್ನು ಚುಚ್ಚಿದವು ಹಾಗಾಗಲಿಲ್ಲ. ಕರಿಯ ಕಣಗಳು ಗುಂಪುಗೂಡಿ ಮೇಲಿನ ಹಳದಿಯ ಪದರ ಹೊರಬೀಳುವುದೆಂದು ಊಹಿಸಬಹುದು. ಸಾವಿರ ಕಪ್ಪೆಗಳ ತಳ್ಳಾಟದಲ್ಲಿ, ಒಂದೆರಡು ದಿನಗಳಲ್ಲಿ ಮುಗಿಯಬೇಕಾದ ಕೂಟದಲ್ಲಿ, ಗಂಡು ಇನ್ನೊಂದು ಗಂಡನ್ನು ಹೆಣ್ಣೆಂದು ಬಗೆದು ತಬ್ಬಿ ಹೊತ್ತು ಕಳೆಯದಂತೆ ಈ ಬಣ್ಣ ಗುರುತಾಗುವುದೆಂದು ವಿಜ್ಞಾನಿಗಳ ಅಭಿಪ್ರಾಯ. ಹೀಗೆ ಅಡ್ರೀನಲಿನ ತೊಗಟೆಯನ್ನು ಪೋಷಿಸುವ ಪಿಟ್ಯುಟರಿ ಚರ್ಮವನ್ನು ಕಪ್ಪಿನ ಕಡೆಗೆ ಎಳೆದರೆ, ತಿರುಳಿನ ವಸ್ತುಗಳು ಅದೇ ಚರ್ಮವನ್ನು ತಿಳಿಯ ಕಡೆಗೆ ಎಳೆಯುವುವು. ಎಲ್ಲ ಕಪ್ಪೆಗಳಲ್ಲಿಯೂ ಹೀಗೆಯೇ ಎಂದು ಮಾತ್ರ ತಿಳಿಯಬಾರದು. ಆಫ್ರಿಕದ ಪಂಜಗಪ್ಪೆಯಲ್ಲಿ ಅಡ್ರೀನಲಿನ್ ಕರಿಯ ಕಣಗಳನ್ನು ಹರಡುವುದು.

ಒಣಗುವ ಕಟ್ಟೆ

ಕೂಟ ಮುಗಿದ ಮೇಲೆ ಉಳಿಯುವುವು ಮೊಟ್ಟೆಗಳು, ಅನಂತರ ಗೊದಮೊಟ್ಟೆಗಳು. ಹೊಣಕೆರೆಯ ಕಡೆಯಂಥ ನೆಲದಲ್ಲಿ ಮುಂಗಾರು ಒಮ್ಮೆ ಸುರಿದು ಕೈಕೊಡುವುದು ಅಪರೂಪವಲ್ಲ. ಗುಂಡಿಯ ನೀರು ದಿನದಿನಕ್ಕೂ ಇಂಗುವಾಗ ಗೊದಮೊಟ್ಟೆಗಿರುವ ದಾರಿ ಒಂದೇ, ನೀರು ಆರುವುದರೊಳಗೆ ಕಾಲು ಮೂಡಿಸಿಕೊಂಡು ದಡ ಹತ್ತುವುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಮೊಗಲಿ, ಸೈದಾಪುರ ಮತ್ತು ಶಾನಭಾಗರು ಬಿಲಗಪ್ಪೆಯ ಗೊದಮೊಟ್ಟೆಗಳನ್ನು ತೊಟ್ಟಿಗಳಲ್ಲಿ ಸಾಕಿ, ಕೆಲವು ತೊಟ್ಟಿಗಳ ನೀರನ್ನು ಕ್ರಮವಾಗಿ ಇಳಿಸುತ್ತ ಬಂದರು. ನೀರು ಇಳಿದ ತೊಟ್ಟಿಗಳ ಮರಿಗಳು ಬೇಗ ರೂಪಾಂತರ ಹೊಂದಿದುವು. ಈ ಫಲಿತಾಂಶ 2011ರಲ್ಲಿ, ನಾರಾಯಣರಾಯರು ಮೊದಲು ಸಂಪಾದಿಸಿದ ಅದೇ ‘ಕರೆಂಟ್ ಸೈನ್ಸ್’ನಲ್ಲಿ, ಅಚ್ಚಾಯಿತು.

ನೀರು ಇಳಿದ ಸುದ್ದಿ ಕಾಲು ಮೂಡಿಸುವ ಕೆಲಸವನ್ನು ಹೇಗೆ ಮುಟ್ಟುವುದು? ಅಮೆರಿಕದ ರಾಬರ್ಟ್ ಡೆನ್ವರ್ 1990ರ ದಶಕದಲ್ಲಿ ಅಲ್ಲಿನ ಒಣನಾಡಿನ ಕಪ್ಪೆಗಳಲ್ಲಿ ಈ ಹಾದಿಯನ್ನು ಬಿಡಿಸಿ ತೋರಿಸಿದರು. ಸಂಕಟದ ಸುಳಿವು ಸಿಕ್ಕಿದೊಡನೆ ಮಿದುಳಿನಿಂದ ಸಿ.ಆರ್.ಎಚ್. ಎಂಬ ಹಾರ್ಮೋನು ಹೊರಟು ಪಿಟ್ಯುಟರಿಯನ್ನು ಮುಟ್ಟುವುದು. ನಮ್ಮಲ್ಲಿ ಅದು ಮುಖ್ಯವಾಗಿ ಎ.ಸಿ.ಟಿ.ಎಚ್. ಅನ್ನು ಹೊರಡಿಸುವುದು, ಗೊದಮೊಟ್ಟೆಯಲ್ಲಿ ಅದರ ಜೊತೆಗೆ ಥೈರಾಯಿಡನ್ನು ಚೋದಿಸುವ ಹಾರ್ಮೋನನ್ನೂ ಹೊರಡಿಸುವುದು. ಥೈರಾಯಿಡಿನ ಹಾರ್ಮೋನು ಬಾಲವನ್ನು ಕರಗಿಸಿ ಕಾಲನ್ನು ಬೆಳೆಸುವುದು; ಅಡ್ರೀನಲಿನಿಂದ ಬಂದ ಕಾರ್ಟಿಕೊಸ್ಟೀರೋನ್ ಆ ಹಾರ್ಮೋನನ್ನು ಅಂಗಾಂಶಗಳಲ್ಲಿ ಅದರ ತೀಕ್ಷ್ಣವಾದ ರೂಪಕ್ಕೆ ತಿರುಗಿಸಲು ನೆರವಾಗುವುದು. ಎರಡೂ ಕೂಡಿದಾಗ ರೂಪಾಂತರ ಓಟಕ್ಕೆ ಬೀಳುವುದು. ಆದರೆ ಇದಕ್ಕೆ ಬೆಲೆಯುಂಟು. ಕಾರ್ಟಿಕೊಸ್ಟೀರೋನ್ ಹೆಚ್ಚಿದ ದೇಹದಲ್ಲಿ ಬೆಳವಣಿಗೆ ಕುಂಠಿತವಾಗುವುದು. ಅವಸರದಲ್ಲಿ ದಡ ಹತ್ತಿದ ಮರಿಗಪ್ಪೆ ಸಾಮಾನ್ಯವಾಗಿ ಗಾತ್ರದಲ್ಲಿ ಚಿಕ್ಕದು, ಹಿಡಿದು ತಿನ್ನುವವರಿಗೆ ಸುಲಭದ ತುತ್ತು.

ಇದನ್ನು ನೋಡಲು ಪ್ರಯೋಗಶಾಲೆ ಬೇಕಿಲ್ಲ, ಯಾವ ಜೀವಿಯನ್ನೂ ಹಿಡಿಯಬೇಕಿಲ್ಲ. ಮುಂಗಾರಿನ ಮೊದಲ ಮಳೆಯ ಮರುದಿನ ಊರಿನ ಕಟ್ಟೆಯ ಅಂಚಿನಲ್ಲಿ ನೆಲಗಪ್ಪೆಯ ಮೊಟ್ಟೆಗಳು ಕರಿಯ ಮಣಿಗಳನ್ನು ಪೋಣಿಸಿದ ಲೋಳೆಯ ಸರದಂತೆ ಬಿದ್ದಿರುವುವು. ಆ ದಿನಾಂಕವನ್ನು ಬರೆದುಕೊಂಡು, ನೀರಿನಲ್ಲಿ ಗೆರೆ ಹಾಕಿದ ಕೋಲೊಂದನ್ನು ನೆಟ್ಟು, ವಾರಕ್ಕೆರಡು ಸಾರಿ ನೀರಿನ ಆಳವನ್ನೂ, ಹಿಂಗಾಲು ಮೂಡಿದ ದಿನವನ್ನೂ, ಮುಂಗಾಲು ಮೂಡಿದ ದಿನವನ್ನೂ, ಮೊದಲ ಮರಿಗಪ್ಪೆ ದಡ ಹತ್ತಿದ ದಿನವನ್ನೂ ಗುರುತಿಸಿಕೊಳ್ಳಬೇಕು. ಬೇಗ ಒಣಗುವ ಗುಂಡಿಯೊಂದನ್ನೂ ನೀರು ನಿಲ್ಲುವ ಕಟ್ಟೆಯೊಂದನ್ನೂ ಆರಿಸಿಕೊಂಡರೆ ಎರಡು ಸಾಲು ಅಂಕಿಗಳು ದೊರೆಯುವುವು. ಒಂದೇ ಮಳೆಯಲ್ಲಿ ಇಟ್ಟ ಮೊಟ್ಟೆಗಳಾದರೆ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ಹೋಲಿಸಬಹುದು.